ನಾಲ್ಕನೇ ಪಾಠಕ್ಕೆ ನಿಂತ ಕಾಕಾ

ಕಾಕಾ ಹೋದ ಸುದ್ದಿ ಬಂದಾಗ ನಾನು ಭೋಜ ಊರಿನ ನಮ್ಮ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ನಿಪ್ಪಾಣಿಯ ಲೆಕ್ಕಪತ್ರದ ಮಂದಿಯ ವಾಟ್ಸ್‌ಆಪ್ ಗುಂಪಿನಲ್ಲಿ ಮೊದಲು ಯಾರೋ ಒಬ್ಬರು ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಹಾಕಿದರು. ಆಮೇಲೆ ಬಂದವರೆಲ್ಲ ಅದನ್ನೇ ಹಾಕಿದರು. ಮೊದಲನೆಯವರು ಅವಸರದಲ್ಲಿ ಮಾಡಿದ್ದ ಒಂದು ಕಾಗುಣಿತದ ತಪ್ಪೂ ಸಾಲಾಗಿ ಎಲ್ಲರಲ್ಲೂ ಬಂದಿತ್ತು. ಕಾಕಾ ಇದ್ದಿದ್ದರೆ, “ಒಬ್ಬ ಬರದಾನ, ಉಳಿದವ್ರು ನಕಲು ಹೊಡದಾರ. ಒಬ್ಬರೂ ಓದಿಲ್ಲ ನೋಡು” ಎಂದು ನಗುತ್ತಿದ್ದರು. ನಾನು ಏನನ್ನೂ ಹಾಕಲಿಲ್ಲ. ಹಿಟ್ಟಿನ ಕೈಯಲ್ಲೇ ಕೂತು ಅತ್ತೆ.

ಸಿಟ್ಟು ಬಂದರೆ ಮರಾಠಿ, ಅಕ್ಕರೆ ಬಂದರೆ ಕನ್ನಡ, ತೆರಿಗೆ ಆಫೀಸಿನಿಂದ ಫೋನ್ ಬಂದರೆ ಇಂಗ್ಲಿಷ್. ಅವರ ಮಾತಿನ ಪದ್ಧತಿಯೇ ಹಾಗೆ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಆಫೀಸು. ಹೊರಗೆ ‘ತೆರಿಗೆ ಸಲಹೆಗಾರರು’ ಎಂದು ಎರಡು ಭಾಷೆಯಲ್ಲಿ ಬೋರ್ಡು. ತಲೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಟೋಪಿ, ಕಿವಿಯ ಹಿಂದೆ ಒಂದು ತುದಿ ಕೆಂಪು ಒಂದು ತುದಿ ನೀಲಿ ಇರುವ ಪೆನ್ಸಿಲ್. ಕುರ್ಚಿಯಲ್ಲಿ ಒಂದು ಕಾಲು ಮಡಚಿಯೇ ಕೂರಬೇಕು. ಬೀದಿಯ ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಕಾಕಾ. ಅವರ ಹೆಂಡತಿ ಕಾಕೂ.

ಕಾಕಾ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಊರು ಹಿಡಿದೇ ಕರೆಯುವುದು. ಆಫೀಸಿನ ಹಿರಿಯ ಗುಮಾಸ್ತ ಸದಲಗಾದವರು, ಅವರಿಗೆ ‘ಸದಲಗಾ’ ಎಂದೇ ಹೆಸರು. ನಾನು ಹೋದ ಎರಡನೇ ದಿನಕ್ಕೆ ‘ಭೋಜ’ ಆದೆ. ಒಮ್ಮೆ ಸದಲಗಾ ಊರಿನ ಸಂತೆಯಲ್ಲೇ ನಿಂತು ಕಾಕಾ, “ಏ ಸದಲಗಾ! ಎಲ್ಲದಿ?” ಎಂದು ಕೂಗಿದರಂತೆ. ಬಾಳೆಹಣ್ಣು ಮಾರುವವಳು ತಲೆ ಎತ್ತಿ, “ಯಪ್ಪಾ, ಊರಾಗ ನಿಂತ ಊರನ್ನ ಕರೀತೀರಲ್ರಿ!” ಅಂದಳಂತೆ. ಈ ಕತೆಯನ್ನು ಹೇಳಿ ಹೇಳಿ ನಗುತ್ತಿದ್ದವರು ಕಾಕಾ ಅಲ್ಲ, ಸದಲಗಾ.

ಅವರ ಆಫೀಸಿನ ಕೆಲಸವೆಂದರೆ ಓದುವುದು ಮತ್ತು ಕೇಳುವುದು. ಅಂಗಡಿಯವರ ಲೆಕ್ಕದ ದಫ್ತರ ಬಂದರೆ ಒಬ್ಬರು ಬಿಲ್ಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಬೇಕು, ಕಾಕಾ ಪುಸ್ತಕದಲ್ಲಿ ಟಿಕ್ ಹಾಕುತ್ತ ಹೋಗಬೇಕು. ಕಂಪ್ಯೂಟರು ಬಂದು ಎಷ್ಟೋ ವರ್ಷವಾದರೂ ಈ ಪದ್ಧತಿಯನ್ನು ಬಿಡಲಿಲ್ಲ. ಓದುವವರು ಮುಂದಿನ ಬಿಲ್ಲು ತೆಗೆಯುವ ಹೊತ್ತಿಗೆ ಕಾಕಾನ ಕಣ್ಣು ಮುಚ್ಚಿರುತ್ತಿತ್ತು. ನಿದ್ದೆ ಬಂತೇನೋ ಅಂದುಕೊಳ್ಳುವಷ್ಟರಲ್ಲಿ, “ಥಾಂಬಾ!” ನಿಲ್ಲು ಅಂತ. “ಯಾಕ ಇಲ್ಲಿ ದನಿ ಸಣ್ಣ ಆತು? ಏನೈತಿ ಆ ಬಿಲ್ಲಿನ್ಯಾಗ?” ನೋಡಿದರೆ ಅಲ್ಲಿ ಅಕ್ಷರ ಅಳಿಸಿರುತ್ತಿತ್ತು, ಇಲ್ಲವೇ ಓದುವವರಿಗೇ ಏನೋ ಅನುಮಾನ ಬಂದಿರುತ್ತಿತ್ತು. ಬಿಲ್ಲನ್ನು ಅವರು ನೋಡುತ್ತಲೇ ಇರಲಿಲ್ಲ. ಓದುವವರ ಗಂಟಲು ಕೇಳುತ್ತಿದ್ದರು.

ನಾನು ಆ ಮಾಳಿಗೆಯ ಮೆಟ್ಟಿಲು ಹತ್ತಿದ್ದು ಜಿಎಸ್‌ಟಿ ಬಂದ ಮರುವರ್ಷ. ಬಿ.ಕಾಂ. ಮುಗಿದ ಕೂಡಲೆ ಮದುವೆ, ಎರಡು ಮಕ್ಕಳು. ಕಲಿತದ್ದು ಮರೆತೇ ಹೋಗಿತ್ತು. ಆಮೇಲೆ ಮೊಬೈಲಿನಲ್ಲಿ ಒಂದು ಆನ್‌ಲೈನ್ ಕೋರ್ಸ್ ಹಿಡಿದೆ. ಲೆಕ್ಕಪತ್ರ, ಜಿಎಸ್‌ಟಿ, ರಿಟರ್ನ್ ತುಂಬುವುದು ಎಲ್ಲ ಅದರಲ್ಲಿತ್ತು. ನಮ್ಮ ಮನೆಯ ಮಾಳಿಗೆಯ ಮೇಲೆ ಹೋದರೆ ಮೊಬೈಲಿಗೆ ಮಹಾರಾಷ್ಟ್ರದ ಟವರು ಸಿಗುತ್ತಿತ್ತು. ಮಕ್ಕಳು ಮಲಗಿದಾಗ ಒಂದು ಕಿವಿಯಲ್ಲಿ ಪಾಠ, ಇನ್ನೊಂದು ಕಿವಿ ಮಕ್ಕಳ ಕಡೆ. ಹೀಗೆ ಕಲಿತು ಮುಗಿಸಿದೆ. ಕೆಲಸ ಕೇಳಲು ಹೊರಟಾಗ ಗೊತ್ತಾಯಿತು ನೋಡಿ, ಕಲಿಯುವುದೇ ಸುಲಭವಿತ್ತು.

ಚಿಕ್ಕೋಡಿಯ ಒಂದು ಪತ್ತಿನ ಸಂಘದ ಮ್ಯಾನೇಜರು ಸರ್ಟಿಫಿಕೇಟನ್ನು ಮೇಲೆ ಕೆಳಗೆ ನೋಡಿ, “ಈ ಕಾಲೇಜ ಯಾವ ಊರಾಗ ಬರತೈತ್ರಿ?” ಎಂದು ಕೇಳಿದರು. ಯಾವ ಊರಲ್ಲೂ ಇಲ್ಲ ಅಂದೆ. “ಹಂಗಾದ್ರ ನಾವು ವಿಚಾರಸೂದು ಯಾರನ್ನ?” ಅಂದರು. ರಾಯಬಾಗದ ಕಡೆಯ ಒಂದು ಕಾರ್ಖಾನೆಯಲ್ಲಿ, “ಮನ್ಯಾಗ ಕುಂತ ಪರೀಕ್ಷಾ ಬರದೀರಿ. ನೀವ ಬರದ್ರೋ ನಿಮ್ಮ ಯಜಮಾನ್ರು ಬರದ್ರೋ?” ಎಂದು ನಕ್ಕರು. ನನ್ನ ಯಜಮಾನರಿಗೆ ಡೇರಿಯ ಹಾಲು ಅಳೆಯುವುದು ಬಿಟ್ಟರೆ ಬೇರೆ ಲೆಕ್ಕ ಬರುವುದಿಲ್ಲ, ಅದು ಅವರಿಗೇನು ಗೊತ್ತು! ಅಥಣಿಯ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಸರ್ಟಿಫಿಕೇಟನ್ನು ಮುಟ್ಟಲೇ ಇಲ್ಲ. “ಯಾರ ಆಫೀಸಿನ್ಯಾಗ ಕಲ್ತೀರಿ ಅದನ್ನ ಹೇಳ್ರಿ” ಅಂದರು. ಹೇಳಲು ನನ್ನ ಬಳಿ ಯಾರ ಹೆಸರೂ ಇರಲಿಲ್ಲ.

ಕೊನೆಗೆ ಕಾಕಾ ಹೆಸರು ಹೇಳಿದವರು ನನ್ನ ಮಾವ, ಗಂಡನ ತಂದೆ. ಸೊಸೆ ಕಲಿತಿದ್ದಾಳೆಂದು ಅವರಿಗೆ ಎಲ್ಲಿಲ್ಲದ ಹೆಮ್ಮೆ. ಸರ್ಟಿಫಿಕೇಟನ್ನು ಬಣ್ಣದ ಪ್ರಿಂಟ್ ತೆಗೆಸಿ, ದೇವರ ಫೋಟೋ ಕಟ್ಟುವವನ ಹತ್ತಿರ ದೊಡ್ಡ ಫ್ರೇಮ್ ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದ್ದರು. “ಒರಿಜಿನಲ್ ತರ್ರಿ” ಎಂದು ಕಾಕಾ ಫೋನಿನಲ್ಲಿ ಹೇಳಿದ್ದೇ ತಡ, ಫ್ರೇಮನ್ನೇ ಗೋಡೆಯಿಂದ ಇಳಿಸಿದರು. ಬೇಡ ಮಾವಾ, ಇನ್ನೊಂದು ಪ್ರಿಂಟ್ ತೆಗೆದರಾಯಿತು ಅಂದರೂ ಕೇಳಲಿಲ್ಲ. ಮಾವ ಬೈಕ್ ಹೊಡೆಯುತ್ತಿದ್ದರು, ನಾನು ಹಿಂದೆ ಕೂತು ಎರಡೂ ಕೈಯಲ್ಲಿ ಆ ಫ್ರೇಮ್ ಹಿಡಿದಿದ್ದೆ. ದಾರಿಯಲ್ಲಿ ಇಬ್ಬರು ಹೆಂಗಸರು ಯಾವ ದೇವರೋ ಅಂದುಕೊಂಡು ಕೈಮುಗಿದರು. ನಾಚಿಕೆಯಿಂದ ಸತ್ತೆ ನಾನು!

ಕಾಕಾ ಅದನ್ನು ಮೇಜಿನ ಮೇಲೆ ಇಡಿಸಿಕೊಂಡು ನೋಡಿದರು. “ಇದು ಸರಿ. ಒರಿಜಿನಲ್ ಎಲ್ಲೈತಿ?”

“ಇದ ಒರಿಜಿನಲ್ ರಿ” ಅಂದರು ಮಾವ.

“ಅದು ಮೇಲ್‌ಗೆ ಬರತೈತ್ರಿ, ಪ್ರಿಂಟ್ ನಾವ ತಗೀಬೇಕ್ರಿ” ಎಂದು ನಾನು ನಡುವೆ ಬಾಯಿ ಹಾಕಿದೆ.

“ಹತ್ತ ಪ್ರಿಂಟ್ ತಗದ್ರ?”

“ಹತ್ತೂ ಒರಿಜಿನಲ್ ರಿ.”

ಕಾಕಾ ಫ್ರೇಮನ್ನು ತಿರುಗಿಸಿ ಹಿಂದೆ ನೋಡಿದರು. ಅಲ್ಲಿ ಪ್ಲೈವುಡ್ಡು, ನಾಲ್ಕು ಮೊಳೆ. “ಸೀಲ್ ಇಲ್ಲ. ಸಹಿ ಐತಿ, ಪೆನ್ನಿಲೆ ಮಾಡಿದ್ದಲ್ಲ” ಎಂದು ಗೊಣಗಿದರು. ಅಷ್ಟರಲ್ಲಿ ಅವರ ಕಣ್ಣು ಮಾವನ ಮುಖದ ಮೇಲೆ ಹೋಯಿತು. ಮಾವನ ಮುಖ ಸಣ್ಣದಾಗಿತ್ತು. ಕಾಕಾ ಕೂಡಲೆ ಫ್ರೇಮನ್ನು ನೆಟ್ಟಗೆ ನಿಲ್ಲಿಸಿ, ತಮ್ಮ ಕರ್ಚೀಫಿನಿಂದ ಅದರ ಧೂಳು ಒರೆಸಿ, “ಕಟ್ಟಿಗಿ ಭಾಳ ಛಲೋ ಹಾಕ್ಸೀರ್ರಿ. ಯಾವ ಅಂಗಡಿ? ನಮ್ಮ ಮನ್ಯಾಗ ಒಂದ ಗಣಪತಿ ಫೋಟೋ ಐತಿ, ಕಟ್ಟಸಬೇಕು” ಅಂದರು. ಮಾವ ಅಂಗಡಿಯ ದಾರಿ ಹೇಳಲು ಶುರುಮಾಡಿದರು. ಕಾಕಾ ಪೂರ್ತಿ ಕೇಳಿದರು. ಅವರ ಮೇಲೆ ನನಗೆ ಮೊದಲು ಪ್ರೀತಿ ಹುಟ್ಟಿದ್ದು ಆಗಲೇ.

ಆಮೇಲೆ ನನ್ನ ಕಡೆ ತಿರುಗಿದರು. “ಪಾಠ ಹೇಳೂ ಮಾಸ್ತರಗ ನೀವು ಕಾಣ್ತಿದ್ರೇನು?”

“ಇಲ್ರಿ. ನಮಗ ಅವರು ಕಾಣ್ತಿದ್ರು.”

“ನೀವು ತಪ್ಪ ಓದಿದ್ರ ಅಂವಗ ಕೇಳ್ತಿತ್ತೇನು?”

“ಇಲ್ರಿ.”

“ಅಂವ ಹೇಳ್ಯಾನ, ನೀವು ಕೇಳೀರಿ. ನೀವು ಹೇಳಿದ್ದು ಯಾರ ಕೇಳ್ಯಾರ?” ಎಂದು ಫ್ರೇಮನ್ನು ಮಾವನ ಕೈಗೆ ಕೊಟ್ಟು, “ಪಾಡ್ಯದ ತನಕ ಬರ್ರಿ. ಇಟ್ಕೋತೀನೋ ಇಲ್ಲೋ ಪಾಡ್ಯದ ದಿನ ಹೇಳ್ತೀನಿ” ಅಂದರು.

ದೀಪಾವಳಿಯ ಪಾಡ್ಯ. ನಮ್ಮ ಕಡೆಯ ವ್ಯಾಪಾರಿಗಳು ಹೊಸ ದಫ್ತರ ಪೂಜೆ ಮಾಡುವ ದಿನ. ಮನೆಯಲ್ಲಿ ಗಂಡನೂ ಅದನ್ನೇ ಹಿಡಿದುಕೊಂಡರು. “ಪಾಡ್ಯಕ್ಕ ಆದ್ರ ಆತು, ಇಲ್ಲಂದ್ರ ಸುಮ್ನ ಡೇರ್‍ಯಾಗ ಕುಂಡ್ರು. ಅಲ್ಲೂ ಲೆಕ್ಕ ಐತಲ್ಲ” ಅಂದರು. ಅವರು ಕೆಟ್ಟವರಲ್ಲ. ಆದರೆ ಡೇರಿ ನಮ್ಮ ಮನೆಯ ಕಟ್ಟೆಯ ಮೇಲೇ ಇತ್ತು. ನನಗೆ ಆ ಕಟ್ಟೆ ಇಳಿದು, ಚಪ್ಪಲಿ ಹಾಕಿಕೊಂಡು, ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದು ಬೇಕಿತ್ತು. ಅದರಷ್ಟು ಬೇರೆ ಏನೂ ಆ ವರ್ಷ ನನಗೆ ಬೇಕಾಗಿರಲಿಲ್ಲ.

ಕಂಪ್ಯೂಟರಿನ ಕೆಲಸದಲ್ಲಿ ನನಗೆ ತೊಂದರೆ ಆಗಲಿಲ್ಲ. ಓದುವುದರಲ್ಲಿ ಬಿದ್ದೆ. ಮಕ್ಕಳು ಏಳಬಾರದೆಂದು ಬಾಯಿ ಮುಚ್ಚಿಕೊಂಡು ಕಲಿತವಳು ನಾನು, ಬಿಲ್ಲು ಓದಿದರೆ ನನಗೇ ಕೇಳುತ್ತಿರಲಿಲ್ಲ. “ಏ ಭೋಜಾ, ದೇವರ ಮುಂದ ಬೇಡ್ಕೊಳ್ಳಾಕತ್ತಿ ಏನು? ನನಗ ಹೇಳು” ಎಂದು ಕಾಕಾ ಗದರಿಸುತ್ತಿದ್ದರು. ಮನೆಯಲ್ಲಿ ಹಾಲಿನ ಚೀಟಿಗಳನ್ನು ಹಿಡಿದು ಗಟ್ಟಿಯಾಗಿ ಓದಿ ರೂಢಿ ಮಾಡಿಕೊಂಡೆ. ಅತ್ತೆ ಅಡಿಗೆಮನೆಯಿಂದ ಓಡಿ ಬಂದು, “ಏನವಾ, ಮೈಯಾಗ ದೇವರ ಬಂತೇನು?” ಅಂದರು. ಒಂದು ತಿಂಗಳಲ್ಲಿ ಕೆಳಗಿನ ಬಟ್ಟೆ ಅಂಗಡಿಯವರಿಗೂ ಕೇಳುವಂಥ ದನಿ ಬಂತು.

ಗಣಪತಿ ಹಬ್ಬಕ್ಕೆ ಕಾಕಾ ಮನೆಯಲ್ಲಿ ನಮಗೆಲ್ಲ ಊಟ. ಮೋದಕ ಬಡಿಸುತ್ತ ಕಾಕೂ ನನ್ನ ಕಿವಿಯ ಹತ್ತಿರ ಬಂದು, “ನಿನ್ನ ಕೋರ್ಸಿಗೆ ಇವರೂ ಹೆಸರ ಹಚ್ಯಾರ, ಗೊತ್ತೈತಿಲ್ಲೋ?” ಅಂದರು. ನಾನು ನಂಬಲಿಲ್ಲ. ಕಾಕೂ ನಗು ತಡೆಯಲಾರದೆ ಎಲ್ಲ ಹೇಳಿಬಿಟ್ಟರು. ಕೊಲ್ಲಾಪುರದ ಮಗಳ ಹತ್ತಿರ ಹೇಳಿ ಸೇರಿದರಂತೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಊಟದ ಡಬ್ಬಿಗೆ ಮೊಬೈಲ್ ಒರಗಿಸಿ ಕೂರುತ್ತಾರಂತೆ, ಅದೂ ಟೋಪಿ ಹಾಕಿಕೊಂಡು. “ಮನ್ಯಾಗ ಯಾಕ್ರಿ ಟೋಪಿ ಅಂದ್ರ, ಮಾಸ್ತರ ಮುಂದ ಬೋಳ ತಲಿಲೆ ಕುಂಡ್ರಬಾರ್ದಂತ! ಮಾತ ಮಾತಿಗೆ ಥಾಂಬಾ, ಥಾಂಬಾ ಅಂತಾರ. ಆ ಮಾಸ್ತರ ನಿಂದ್ರತಾನೇನವಾ?”

ಕಾಕಾ ಪಡಸಾಲೆಯಿಂದಲೇ, “ನಿಂದ್ರಬೇಕು! ತಪ್ಪ ಹೇಳಾಕತ್ತಾನ!” ಎಂದು ಕೂಗಿದರು. ಗುಟ್ಟು ಬಯಲಾಗಿದ್ದಕ್ಕೆ ಮುಖ ಕೆಂಪಾಗಿತ್ತು. ನನ್ನನ್ನು ಕರೆದು ಕೂರಿಸಿ ಮೊಬೈಲ್ ತೋರಿಸಿದರು. ನಾಲ್ಕನೇ ಪಾಠದ ಪರೀಕ್ಷೆ. ರೈತನೊಬ್ಬ ತಂಬಾಕಿನ ಎಲೆಯನ್ನು ನೋಂದಾಯಿತ ವ್ಯಾಪಾರಿಗೆ ಮಾರಿದರೆ ಜಿಎಸ್‌ಟಿ ಕಟ್ಟಬೇಕಾದವರು ಯಾರು ಎಂಬ ಪ್ರಶ್ನೆ. ಕಟ್ಟಬೇಕಾದವನು ಕೊಳ್ಳುವ ವ್ಯಾಪಾರಿ, ಕಾಯ್ದೆಯಲ್ಲೇ ಹಾಗಿದೆ. ನಿಪ್ಪಾಣಿ ತಂಬಾಕಿನ ಊರು, ಇದು ನಮಗೆ ದಿನದ ಮಾತು. ಕೋರ್ಸಿನವರು ಮಾತ್ರ ಮಾರುವವನೇ ಕಟ್ಟಬೇಕೆಂದು ಹಾಕಿಕೊಂಡಿದ್ದರು. ಹಾಗೆಂದು ಟಿಕ್ ಹಾಕಿದರಷ್ಟೇ ಐದನೇ ಪಾಠ ತೆರೆಯುತ್ತಿತ್ತು. ಕಾಕಾ ಹಾಕಿರಲಿಲ್ಲ. ಎಷ್ಟೋ ದಿನದಿಂದ ಅಲ್ಲೇ ನಿಂತಿದ್ದರು.

“ಇಲ್ಲಿ ನೀ ಏನ ಹಾಕಿದ್ದಿ?” ಎಂದು ಕೇಳಿದರು.

“ಮೊದಲ ಖರೇ ಉತ್ತರಾನ ಹಾಕಿದ್ನ್ರಿ. ತಪ್ಪು ಅಂತ ಬಂತು. ಆಮ್ಯಾಲೆ ಮಾರಾಂವ ಅಂತ ಟಿಕ್ ಹಾಕಿ ಮುಂದ ಹೋದೆ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

“ಟಿಕ್ ಹಾಕಿ ಮುಂದ ಹೋದಿ” ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೂ ಸಹಿಸುತ್ತಿದ್ದೆ. ಆ ಮೆಲ್ಲನೆಯ ಮಾತಿಗೆ ನನಗೆ ರೇಗಿತು. ಹಬ್ಬದ ಮನೆ, ಹಿರಿಯರು ಎಂಬುದೂ ನೆನಪಾಗಲಿಲ್ಲ.

“ಮತ್ತೇನ ಮಾಡ್ಲಿರಿ ಕಾಕಾ? ಹೋದಲ್ಲೆಲ್ಲಾ ಸರ್ಟಿಫಿಕೇಟ್ ಎಲ್ಲೈತಿ ಅಂತ ಕೇಳ್ತೀರಿ. ನಾಲ್ಕನೇ ಪಾಠದಾಗ ಖರೇ ಹೇಳೀಯೇನು ಅಂತ ಯಾರರೆ ಕೇಳೀರೇನು? ನೀವು ಅಲ್ಲೇ ನಿಂತ್ರೂ ನಿಮ್ಮ ಬೋರ್ಡ್ ಹೊರಗ ಐತಿ. ನಾ ನಿಂತಿದ್ರ ನನಗ ಏನಿತ್ತ್ರಿ?”

ಕಾಕೂ ಮೋದಕದ ತಟ್ಟೆ ಹಿಡಿದು ನಿಂತೇ ಇದ್ದರು. ಸದಲಗಾ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಕಾಕಾ ಮೊಬೈಲನ್ನು ಮಗುಚಿ ಇಟ್ಟು, “ಇನ್ನೊಂದ ಮೋದಕ ತಗೋ” ಅಂದರು. ಅಷ್ಟೇ. ಅದರ ಮೇಲೆ ಒಂದು ಮಾತಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನನ್ನ ಕೆಲಸ ಹೋಯಿತೆಂದೇ ನಾನು ತಿಳಿದೆ. ಬಸ್ಸಿನಲ್ಲಿ ಕೂತು, ಇಷ್ಟು ಉದ್ದ ನಾಲಗೆ ಯಾಕೆ ಬೇಕಿತ್ತು ಎಂದು ನನ್ನನ್ನು ನಾನೇ ಬೈದುಕೊಂಡೆ. ಹೇಳಿದ್ದು ಸುಳ್ಳಲ್ಲವಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡೆ.

ದಸರಾ ಹತ್ತಿರ ಬಂದಾಗ ಆಫೀಸಿನಲ್ಲಿ ವರ್ಷದ ದಫ್ತರಗಳ ಗಡಿಬಿಡಿ. ಕಾಕಾಗೆ ಒಬ್ಬ ಗೆಳೆಯರಿದ್ದರು, ತಂಬಾಕಿನ ವ್ಯಾಪಾರಿ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ದಿನಾ ಸಂಜೆ ನಾಲ್ಕಕ್ಕೆ ಬಂದು, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ಕಾಕಾನ ಜೊತೆ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಚಹಾ ಕುಡಿದು, ಲೋಕವನ್ನೆಲ್ಲ ಬೈದು ಹೋಗುತ್ತಿದ್ದರು. ಅವರ ತಿಂಗಳ ಕೆಲಸವನ್ನು ಅಂಗಡಿಯ ಹುಡುಗ ನೋಡಿಕೊಳ್ಳುತ್ತಿದ್ದ. ವರ್ಷದ ದಫ್ತರ ಮಾತ್ರ ಬಟ್ಟೆಯಲ್ಲಿ ಕಟ್ಟಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ಅದು ಬಂದ ದಿನ, ಗೆಳೆಯರು ಕಿಟಕಿಯ ಬಳಿ ಕೂತಿದ್ದಾಗಲೇ ಗಂಟು ಬಿಚ್ಚಿ, “ಭೋಜಾ, ನೀ ಓದು” ಅಂದರು ಕಾಕಾ. ಯಾವತ್ತೂ ಆ ದಫ್ತರವನ್ನು ಸದಲಗಾನೇ ಓದುವುದು.

ಓದುತ್ತ ಹೋದೆ. ರೈತರಿಂದ ಎಲೆ ಕೊಂಡ ಬಿಲ್ಲುಗಳು ಬಂದವು. ಒಂದು ಓದಿದೆ, ಎರಡನೆಯದಕ್ಕೆ ನಿಂತೆ. ಎಲ್ಲ ಬಿಲ್ಲಿನಲ್ಲೂ ತೆರಿಗೆ ರೈತನ ಪಾಲಿಗೆ ಬಿದ್ದಿತ್ತು. ವ್ಯಾಪಾರಿಯ ಪಾಲಿಗೆ ಏನೂ ಇರಲಿಲ್ಲ.

ಕಣ್ಣು ಮುಚ್ಚಿಕೊಂಡೇ ಕಾಕಾ ಕೇಳಿದರು, “ಯಾಕ ನಿಂತಿ?”

“ತೆರಿಗಿ ರೈತರ ಮ್ಯಾಲೆ ತೋರ್ಸ್ಯಾರ್ರಿ. ಎಲಿ ತಗೊಂಡಾವ್ರು ಇವರು.”

ಕಿಟಕಿಯ ಕುರ್ಚಿಯಿಂದ ವ್ಯಾಪಾರಿ, “ಅದು ಹಂಗ ಇರಲಿ. ಮುಂದ ಓದವಾ” ಅಂದರು.

ಕಾಕಾ ಕಣ್ಣು ತೆರೆದು ನನ್ನನ್ನು ನೋಡಿದರು. “ಏನ್ ಮಾಡೂಣ? ಟಿಕ್ ಹಾಕಿ ಮುಂದ ಹೋಗೂಣೇನು?”

ನನ್ನ ಮಾತನ್ನೇ ನನ್ನ ಮುಂದೆ ಇಟ್ಟಿದ್ದರು. ಈ ಮನುಷ್ಯ ಅವರ ಬಾಲ್ಯದ ಗೆಳೆಯ. ಪಾಡ್ಯಕ್ಕೆ ಇನ್ನು ಕೆಲವೇ ವಾರ. ಹೂಂ ಅಂದರೆ ಎಲ್ಲರಿಗೂ ಹಿತ. ಕಾಕಾನ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯಲಿಲ್ಲ, ಅವರ ಮುಖದಲ್ಲಿ ಏನೂ ಇರಲಿಲ್ಲ. ಮೊಬೈಲಿನ ಮುಂದೆ ಟಿಕ್ ಹಾಕಿದಾಗ ಎದುರಿಗೆ ಯಾರೂ ಇರಲಿಲ್ಲ. ಇಲ್ಲಿ ಬಿಲ್ಲಿನ ಮೇಲೆ ನಮ್ಮ ಭೋಜದ ರೈತರ ಹೆಸರುಗಳೇ ಇದ್ದವು.

“ಇಲ್ರಿ ಕಾಕಾ. ಮುಂದ ಹೋಗಾಕ ಬರಂಗಿಲ್ಲ” ಅಂದೆ.

ವ್ಯಾಪಾರಿ ಎದ್ದು ನಿಂತರು. “ಮೊಬೈಲ್‌ನಾಗ ಕಲ್ತ ಬಂದಾಕಿ ನನಗ ಕಾಯ್ದೆ ಹೇಳ್ತಾಳೇನಲೇ? ಕರಿ ಸದಲಗಾನ್ನ. ಅಂವ ಓದಲಿ.”

“ಅಂವ ಓದಿದ್ರೂ ಅಲ್ಲೇ ನಿಂದ್ರತಾನ” ಅಂದರು ಕಾಕಾ.

“ನನ್ನ ದಫ್ತರ ಈಕಿ ಮುಟ್ಟೂದು ಬ್ಯಾಡ.”

“ನಿನ್ನ ದಫ್ತರ ಆಕೀನ ಓದ್ತಾಳ. ಬ್ಯಾಡಂದ್ರ ನಿನ್ನ ಮರ್ಜಿ.”

“ಇಷ್ಟ ವರ್ಷದ ಗೆಳೆತನಕ್ಕ ಇದಾ ಏನು?”

ಕಾಕಾ ದಫ್ತರವನ್ನು ಮುಚ್ಚಿ ಅವರ ಕಡೆ ಸರಿಸಿದರು. ವ್ಯಾಪಾರಿ ತಾವೇ ಗಂಟು ಕಟ್ಟಿದರು. ಸಿಟ್ಟಿನ ಅವಸರಕ್ಕೆ ಬಟ್ಟೆಯ ತುದಿ ಕೂಡುತ್ತಿರಲಿಲ್ಲ. ಕಾಕಾ ಎದ್ದು ಹೋಗಿ ಗಂಟಿನ ಮೇಲೆ ಬೆರಳು ಒತ್ತಿ ಹಿಡಿದರು, ಅವರು ಬಿಗಿದರು. ವ್ಯಾಪಾರಿ ಮೆಟ್ಟಿಲು ಇಳಿದು ಹೋದ ಮೇಲೆ ಚಹಾದವನು ಬಂದ. ಎರಡು ಕಪ್ಪು ಇಟ್ಟು ಹೋದ. ಕಾಕಾ ಒಂದನ್ನು ನನ್ನ ಕಡೆ ಸರಿಸಿ, “ಹೂಂ, ಮುಂದಿನ ದಫ್ತರ ಯಾರದು? ತಗಿ” ಅಂದರು.

ಅವತ್ತಿನಿಂದ ನಾಲ್ಕು ಗಂಟೆಯಾದರೆ ಕಾಕಾ ಮೆಟ್ಟಿಲ ಕಡೆ ನೋಡುತ್ತಿದ್ದರು. ಯಾರದಾದರೂ ಚಪ್ಪಲಿಯ ಸದ್ದಾದರೆ ಪೆನ್ಸಿಲ್ ಕೆಳಗಿಡುತ್ತಿದ್ದರು. ನನಗೆ ನೋಡಲು ಆಗುತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಆ ಗೆಳೆಯರು ತಾವಾಗಿಯೇ ಬಂದರು ಬಿಡಿ, ದಫ್ತರ ಬೇರೆ ಕಡೆ ಇದ್ದರೂ ಚಹಾಕ್ಕೆ ಇಲ್ಲಿಗೇ ಬರಬೇಕಾಯಿತು. ಆದರೆ ಆ ದೀಪಾವಳಿಗೆ ಬರಲಿಲ್ಲ.

ಪಾಡ್ಯದ ದಿನ ಆಫೀಸು ಸಾರಿಸಿ, ಚೆಂಡುಹೂವಿನ ಮಾಲೆ ಕಟ್ಟಿ, ಲಕ್ಷ್ಮಿಯ ಮುಂದೆ ಎಲ್ಲರ ಹೊಸ ದಫ್ತರಗಳನ್ನು ಇಟ್ಟೆವು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ಕಾಕೂ ಆರತಿ ಮಾಡಿದರು. ವ್ಯಾಪಾರಿಗಳು ಬಂದರು, ಪೇಡೆ ತಿಂದರು, ಹೋದರು. ಕಾಕಾ ಎಲ್ಲರ ಜೊತೆ ಮಾತಾಡಿದರು, ನನಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಸದಲಗಾ ದೀಪಕ್ಕೆ ಎಣ್ಣೆ ಹಾಕಿ ಮನೆಗೆ ಹೊರಟರು. ಭೋಜದ ಬಸ್ಸಿಗೆ ಹೊತ್ತಾಗುತ್ತಿತ್ತು. ಮನೆಯಲ್ಲಿ ಗಂಡ ಕೇಳುತ್ತಾರೆ, ಮಾವ ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಏನು ಹೇಳಲಿ ಅವರಿಗೆ? ಧೈರ್ಯ ಮಾಡಿ ಕಾಕಾನ ಮೇಜಿನ ಮುಂದೆ ಹೋಗಿ ನಿಂತೆ.

“ಕಾಕಾ, ಪಾಡ್ಯ ಆತಲ್ರಿ.”

“ಆತು. ಪೇಡೆ ತಗೊಂಡಿಲ್ಲೋ?”

“ತಗೊಂಡೇನ್ರಿ. ನನ್ನ ಕೆಲಸದ್ದು ಏನಂತ ಹೇಳ್ಲೇ ಇಲ್ಲ ನೀವು.”

ಕಾಕಾ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿಯ ಹತ್ತಿರದ ಖಾಲಿ ಕುರ್ಚಿಯನ್ನು ಒಂದು ಗಳಿಗೆ ನೋಡಿದರು.

“ಆಕೀನ ಓದ್ತಾಳ ಅಂತ ಅವತ್ತ ಹೇಳೇನಲ್ಲ ಮಗಳ” ಅಂದರು. “ಅಂವಗ ತಿಳೀತು, ಎದ್ದ ಹೋದ. ನಿನಗ ತಿಳೀಲಿಲ್ಲೇನು?”